ಚಾರ್ಟರ್ ಶಾಲೆಗೆ ಹೋದ ಮಗು, ಊರಿನ ಶಾಲೆಯಲ್ಲೇ ಉಳಿದ ಖರ್ಚು

ನಮಸ್ಕಾರ. ಮ್ಯಾಸಚೂಸೆಟ್ಸ್‌ನಲ್ಲಿ ಮಗು ಚಾರ್ಟರ್ ಶಾಲೆಗೆ (ಸರ್ಕಾರಿ ಹಣದಲ್ಲೇ, ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆಗೆ) ಸೇರಿದರೆ ಅದರ ಪಾಲಿನ ಹಣದೊಂದಿಗೆ ಖರ್ಚೂ ಹೋಗುತ್ತದಲ್ಲ, ಹಾಗಿದ್ದಮೇಲೆ ಊರಿನ ಸರ್ಕಾರಿ ಶಾಲೆಗೆ ನಷ್ಟವೆಲ್ಲಿ ಎಂದು ಕೇಳಿದ್ದೀರಿ.

ಹಣ ಹೋದಷ್ಟು ಬೇಗ ಖರ್ಚು ಹೋಗುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಒಂದು ಶಾಲೆಯಿಂದ 12 ಮಕ್ಕಳು ಹೊರಟರೆಂದು ಇಟ್ಟುಕೊಳ್ಳಿ. ಅವರು ಒಂದನೆಯ ತರಗತಿಯಿಂದ ಇಬ್ಬರು, ನಾಲ್ಕನೆಯದರಿಂದ ಮೂವರು ಎಂಬಂತೆ ಚದುರಿ ಹೋಗುತ್ತಾರೆ. 24 ಮಕ್ಕಳಿದ್ದ ಕೊಠಡಿಯಲ್ಲಿ 22 ಮಂದಿ ಉಳಿದರೂ ಶಿಕ್ಷಕಿ ಬೇಕೇ ಬೇಕು, ಜನವರಿಯ ಹಿಮದಲ್ಲಿ ಇಡೀ ಕಟ್ಟಡವನ್ನು ಬೆಚ್ಚಗಿಡಲೇಬೇಕು, ಹಳದಿ ಬಸ್ಸು ಅದೇ ದಾರಿಯಲ್ಲಿ ಓಡಲೇಬೇಕು.

ಶಾಸನಸಭೆ ಇದನ್ನು ಒಪ್ಪಿಕೊಂಡಿದೆ. ಚಾರ್ಟರ್ ಶಾಲೆಗಳಿಗೆ ದಾರಿ ಮಾಡಿದ್ದು 1993ರ ಶಿಕ್ಷಣ ಸುಧಾರಣಾ ಕಾಯ್ದೆ. 2019ರ ಸ್ಟೂಡೆಂಟ್ ಆಪರ್ಚುನಿಟಿ ಕಾಯ್ದೆಯ ಪ್ರಕಾರ, ಚಾರ್ಟರ್ ಶುಲ್ಕದಲ್ಲಿ, ಅಂದರೆ ಹೊರಟ ಮಕ್ಕಳಿಗಾಗಿ ಊರಿನ ಪಾಲಿನಿಂದ ಕಡಿತವಾಗುವ ಹಣದಲ್ಲಿ, ಹಿಂದಿನ ವರ್ಷಕ್ಕಿಂತ ಹೆಚ್ಚಾದ ಮೊತ್ತಕ್ಕೆ ಮೊದಲ ವರ್ಷ ಶೇ. 100, ಎರಡನೆಯ ವರ್ಷ ಶೇ. 60, ಮೂರನೆಯ ವರ್ಷ ಶೇ. 40 ಪರಿಹಾರವನ್ನು ರಾಜ್ಯವು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಿಕ್ಷಣ ಜಿಲ್ಲೆಗೆ ಕೊಡಬೇಕು. ಗಮನಿಸಿ, ಇದು ಹೆಚ್ಚಳಕ್ಕೆ ಮಾತ್ರ, ಒಟ್ಟು ಶುಲ್ಕಕ್ಕಲ್ಲ. ಅದಕ್ಕೂ ಹಿಂದೆ ಹಲವು ವರ್ಷ ಬಜೆಟ್‌ನಲ್ಲಿ ಪರಿಹಾರದ ಹಣವನ್ನು ಪೂರ್ತಿಯಾಗಿ ಇಟ್ಟಿರಲಿಲ್ಲ. 2016ರಲ್ಲಿ ಹೊಸ ಚಾರ್ಟರ್‌ಗಳ ಮಿತಿ ಸಡಿಲಿಸುವ ಪ್ರಸ್ತಾಪವನ್ನು ಸುಮಾರು ಶೇ. 62 ಮತದಾರರು ತಿರಸ್ಕರಿಸಿದ್ದರ ಹಿಂದೆ ಈ ಅಸಮಾಧಾನವೂ ಇತ್ತೆಂದು ನನ್ನ ಭಾವನೆ.

ಆದರೂ ಚಾರ್ಟರ್ ಆರಿಸಿಕೊಂಡ ಪೋಷಕರನ್ನು ದೂರುವುದು ತಪ್ಪು. ಮಗುವಿಗೆ ಒಳ್ಳೆಯ ಶಾಲೆ ಬೇಕೆಂಬುದು ಅವರ ಹಕ್ಕು. ನಿಮ್ಮ ಊರಿನ ನಿಜವಾದ ಲೆಕ್ಕ ಬೇಕಿದ್ದರೆ, ರಾಜ್ಯವು ಪ್ರತಿ ಊರಿಗೂ ಪ್ರಕಟಿಸುವ 'ಚೆರಿ ಶೀಟ್' ಎಂಬ ಪಟ್ಟಿಯನ್ನು ತೆರೆದು, ಚಾರ್ಟರ್ ಶುಲ್ಕದ ಕಡಿತ ಮತ್ತು ಪರಿಹಾರದ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.