ಮುಖದ ಎರಡೂ ಬದಿ ಸೊಟ್ಟಗಾದದ್ದು: ಕ್ಷಯವೋ, ಸಾರ್ಕಾಯ್ಡೋಸಿಸ್ಸೋ?

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ಕಳೆದ ವರ್ಷ ಮುಖದ ಬಲಭಾಗ ಸೊಟ್ಟಗಾಗಿ ಮಾತ್ರೆಯಿಂದ ಸರಿಹೋಯಿತು. ಮೂರು ತಿಂಗಳ ನಂತರ ಎಡಭಾಗಕ್ಕೂ ಹಾಗೆಯೇ ಆಯಿತು. ಕಣ್ಣು ಕೆಂಪಾಗಿ, ತಲೆನೋವೂ ಇದೆ. ಎದೆಯ ಸ್ಕ್ಯಾನಿನಲ್ಲಿ ಗ್ರಂಥಿಗಳು ಊದಿರುವುದನ್ನು ಕಂಡು ಒಬ್ಬ ವೈದ್ಯರು ಕ್ಷಯವಿರಬಹುದು ಎಂದರು. ನರರೋಗ ತಜ್ಞರು ಸಾರ್ಕಾಯ್ಡೋಸಿಸ್ ಇರಬೇಕೆಂದು ಹೇಳಿದರೂ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಆಗದೆ ಸ್ಟೀರಾಯ್ಡ್ ಕೊಡುವುದಿಲ್ಲ ಎಂದಿದ್ದಾರೆ. ಹೀಗೆ ಕಾಯುವುದು ಸರಿಯೇ? ಚಿಕಿತ್ಸೆ ಎಷ್ಟು ಕಾಲ ಬೇಕು?
– ಹೆಸರು ಬೇಡ, ಹಾವೇರಿ

ಉತ್ತರ: ಕಾಯುವ ದಿನಗಳು ಮನೆಯವರಿಗೆ ಎಷ್ಟು ಕಷ್ಟವೆಂಬುದು ನನಗೆ ತಿಳಿದಿದೆ. ಆದರೂ ನಿಮ್ಮ ತಜ್ಞರ ಮಾತು ಸರಿಯಾಗಿದೆ.

ಸಾರ್ಕಾಯ್ಡೋಸಿಸ್‌ನಲ್ಲಿ ರೋಗನಿರೋಧಕ ಕೋಶಗಳು ಗುಂಪುಗೂಡಿ ಗ್ರ್ಯಾನ್ಯುಲೋಮಾ ಎಂಬ ಸೂಕ್ಷ್ಮ ಗಂಟುಗಳಾಗುತ್ತವೆ. ಬಹುತೇಕ ರೋಗಿಗಳಲ್ಲಿ ಇವು ಶ್ವಾಸಕೋಶದಲ್ಲೂ ಎದೆಯ ದುಗ್ಧಗ್ರಂಥಿಗಳಲ್ಲೂ ಇರುತ್ತವೆ. ನೂರರಲ್ಲಿ 5ರಿಂದ 10 ಮಂದಿಗೆ ನರಮಂಡಲದ ತೊಂದರೆ ಕಾಣಿಸಿಕೊಳ್ಳುತ್ತದೆ, ಅದರಲ್ಲೂ ಹೆಚ್ಚಾಗಿ ಮುಖದ ನರಕ್ಕೆ. ಒಂದು ಬದಿ ಮಾತ್ರ ಸೊಟ್ಟಗಾದಾಗ ಬೆಲ್ಸ್ ಪಾಲ್ಸಿ (ಸ್ಪಷ್ಟ ಕಾರಣವಿಲ್ಲದೆ ಮುಖದ ನರ ದುರ್ಬಲವಾಗುವುದು) ಎಂದುಕೊಳ್ಳುವುದು ಸಹಜವೇ. ಆದರೆ ಇನ್ನೊಂದು ಬದಿಗೂ ಬಂದು, ಕಣ್ಣೂ ಕೆಂಪಾದರೆ ಬೇರೆ ಕಾರಣವನ್ನು ಹುಡುಕಲೇಬೇಕು. ಜ್ವರ, ಕೆನ್ನೆಯ ಲಾಲಾಗ್ರಂಥಿಯ ಊತ, ಕಣ್ಣಿನ ಉರಿಯೂತ, ಮುಖದ ನರದ ದೌರ್ಬಲ್ಯ ಇವು ಜೊತೆಯಾಗಿ ಬರುವುದನ್ನು ಡೆನ್ಮಾರ್ಕಿನ ನೇತ್ರವೈದ್ಯ ಹೀರ್‌ಫೋರ್ಟ್ 1909ರಲ್ಲಿಯೇ ವರ್ಣಿಸಿದ್ದರು.

ನಮ್ಮ ದೇಶದಲ್ಲಿ ತೊಡಕಾಗುವುದು ಕ್ಷಯ. ಅದೂ ಗ್ರಂಥಿಗಳನ್ನು ಊದಿಸುತ್ತದೆ, ಮಿದುಳಿನ ಪೊರೆಗಳಿಗೆ ಹರಡುತ್ತದೆ, ಗ್ರ್ಯಾನ್ಯುಲೋಮಾವನ್ನೇ ಉಂಟುಮಾಡುತ್ತದೆ. ಎಂಆರ್‌ಐಯಲ್ಲಿ ಮಿದುಳಿನ ತಳಭಾಗದ ಪೊರೆಗಳು ಎರಡು ಕಾಯಿಲೆಗಳಲ್ಲೂ ಒಂದೇ ರೀತಿ ಹೊಳೆಯಬಹುದು. ಬೆನ್ನುಹುರಿಯ ನೀರಿನಲ್ಲಿ ಬಿಳಿಕೋಶ ಮತ್ತು ಪ್ರೋಟೀನು ಎರಡರಲ್ಲೂ ಹೆಚ್ಚುತ್ತವೆ. ರಕ್ತದಲ್ಲಿ ಎಸಿಇ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆಯೊಂದನ್ನೇ ನಂಬಿ ಹೌದು, ಅಲ್ಲ ಎನ್ನಲಾಗದು. ಆದ್ದರಿಂದ ಗ್ರಂಥಿಯ ಚೂರೇ ಮುಖ್ಯ ಸಾಕ್ಷಿ. ಶ್ವಾಸನಾಳದೊಳಗೆ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಇಳಿಸಿ ಅದನ್ನು ತೆಗೆಯುತ್ತಾರೆ. ಮಿದುಳಿಗೆ ಕೈಹಾಕುವ ಅಗತ್ಯ ಅನೇಕರಿಗೆ ಬರುವುದಿಲ್ಲ. ಆ ಚೂರನ್ನು ಸೂಕ್ಷ್ಮದರ್ಶಕಕ್ಕೆ ಮಾತ್ರವಲ್ಲ, ಕ್ಷಯದ ರೋಗಾಣುವಿನ ಜೀನನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಮತ್ತು ಅದನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೂ ಕಳುಹಿಸಿದ್ದಾರೆಯೇ ಎಂದು ಕೇಳಿ. ಕ್ಷಯವನ್ನು ಗುರುತಿಸದೆ ಬರಿಯ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಉಲ್ಬಣಿಸಬಹುದು. ಬಯಾಪ್ಸಿಗೆ ಮುಂಚೆ ಕೊಟ್ಟರೆ ಗಂಟುಗಳು ಕರಗಿ ಉತ್ತರವೇ ಸಿಗದೆ ಹೋಗಬಹುದು. ಆದರೆ ದೃಷ್ಟಿ ಮಂಜಾಗುವುದು, ಕಾಲಿನ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಯಾವುದೇ ಕಂಡರೂ ಒಂದು ದಿನವೂ ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು.

ರೋಗ ಖಚಿತವಾದರೆ ಮೊದಲ ಔಷಧ ಸ್ಟೀರಾಯ್ಡ್. ಮುಖದ ನರವೊಂದೇ ಬಾಧಿತವಾಗಿದ್ದರೆ ಕೆಲವು ವಾರಗಳ ಚಿಕಿತ್ಸೆ ಸಾಕಾಗಬಹುದು. ಮಿದುಳು, ಪೊರೆ ಅಥವಾ ಬೆನ್ನುಹುರಿಗೆ ಹರಡಿದ್ದರೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳದ ಮೂಲಕ ಕೊಟ್ಟು, ಬಳಿಕ ಮಾತ್ರೆಯನ್ನು ಅನೇಕ ತಿಂಗಳುಗಳಲ್ಲಿ ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ರೋಗನಿರೋಧಕ ಕೋಶಗಳ ಅಬ್ಬರವನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ಅಥವಾ ಅಜಾಥಯೋಪ್ರಿನ್ ಸೇರಿಸುವುದುಂಟು. ಕಾಯಿಲೆ ತೀವ್ರವಾಗಿದ್ದರೆ, ಅಥವಾ ಇವಕ್ಕೆ ಬಗ್ಗದಿದ್ದರೆ, ರಕ್ತನಾಳದ ಮೂಲಕ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಚೆನ್ನಾಗಿ ಕೆಲಸಮಾಡುತ್ತದೆ. ಅದು ಅಡಗಿದ ಕ್ಷಯವನ್ನು ಎಬ್ಬಿಸಬಲ್ಲದಾದ್ದರಿಂದ ಮೊದಲು ಆ ತಪಾಸಣೆ ಕಡ್ಡಾಯ.

ಸುಧಾರಿಸಿತೆಂದು ಸ್ಟೀರಾಯ್ಡನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮೂಳೆಗೆ ಒಳ್ಳೆಯದೆಂದು ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ ಕೇಳದೆ ಕೊಡಬೇಡಿ: ಈ ಗಂಟುಗಳು ವಿಟಮಿನ್ ಡಿಯನ್ನು ತಾವೇ ಸಕ್ರಿಯಗೊಳಿಸುವುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಮಾತ್ರೆ. ದಿನವೂ ನುಂಗಿ ಪ್ರಾಣಾಪಾಯಕ್ಕೆ ಸಿಲುಕಿದವರಿದ್ದಾರೆ. ಅದನ್ನು ಬರೆದುಕೊಟ್ಟರೆ ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆಯೇ ವೈದ್ಯರಿಂದ ಬರೆಸಿಕೊಳ್ಳಿ.