ಪದಕದ ಪಟ್ಟಿ ಸಾಕು, ಜೋಜಿಲಾ ತೋರಿಸಿ

ನಮಸ್ಕಾರ.

ಜನರಲ್ ತಿಮ್ಮಯ್ಯನವರ ಬಗ್ಗೆ ನೀವು ಕಳಿಸಿದ ‘ರಣಧೀರ ತಿಮ್ಮಯ್ಯ’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಐದನೇ ಪುಟದಲ್ಲಿ ಒಂದು ಒಳ್ಳೇ ಪ್ಯಾರಾ ಇದೆ. ಅದಕ್ಕೋಸ್ಕರ ಈ ಉದ್ದದ ಪತ್ರ.

ಮೊದಲು ತಪ್ಪುಗಳು. ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ತಿಮ್ಮಯ್ಯ ಅಂತ ಬರೆದಿದ್ದೀರಿ. ಅಲ್ಲ, ಅದು ಕಾರ್ಯಪ್ಪನವರು, 1949ರ ಜನವರಿ 15ರಂದು. ತಿಮ್ಮಯ್ಯನವರ ಸರದಿ ಬಂದದ್ದು 1957ರ ಮೇ ತಿಂಗಳಲ್ಲಿ. ಫೀಲ್ಡ್ ಮಾರ್ಷಲ್ ಆದವರೂ ಕಾರ್ಯಪ್ಪನವರೇ. ಇಬ್ಬರೂ ಕೊಡಗಿನವರು, ಹೆಸರೂ ಪ್ರಾಸ ಹಾಕಿದ ಹಾಗಿದೆ, ಹಾಗಾಗಿ ಜನ ಒಬ್ಬರದನ್ನು ಇನ್ನೊಬ್ಬರಿಗೆ ಸೇರಿಸಿಬಿಡುತ್ತಾರೆ. ಓದುಗರು ಸೇರಿಸಲಿ, ಬರೆಯುವವರು ಸೇರಿಸಬಾರದು. ಜೊತೆಗೆ ಕಳಿಸಿದ ಫೋಟೋ ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂನದು, ಚೆನ್ನಾಗಿದೆ. ಆದರೆ ಅದರಲ್ಲಿರುವ ಟ್ಯಾಂಕ್ 1948ರಲ್ಲಿ ಲಡಾಖ್ ದಾರಿಯ ಜೋಜಿಲಾ ಕಣಿವೆಮಾರ್ಗ ಹತ್ತಿದ್ದಲ್ಲ, ಬಹಳ ಆಮೇಲಿನದು. ಅಡಿಬರಹ ಬದಲಿಸಿ.

ಬ್ರಿಟಿಷರು ಸೇನಾಧಿಕಾರಿಗಳಿಗೆ ಕೊಡುತ್ತಿದ್ದ ಡಿಎಸ್‌ಒ ಪದಕ ಕಾಶ್ಮೀರದ ಯುದ್ಧಕ್ಕೆ ಬಂತು ಅಂದಿದ್ದೀರಿ. ಅದು ಬಂದದ್ದು ಬರ್ಮಾದ ಯುದ್ಧಕ್ಕೆ. 1945ರ ಆರಂಭದಲ್ಲಿ ಅರಕಾನ್ ಕರಾವಳಿಯ ಕಾಂಗಾವ್‌ನಲ್ಲಿ ಜಪಾನೀಯರು ಹಿಂದೆ ಸರಿಯುವ ದಾರಿ ಕಡಿಯಬೇಕಿತ್ತು. ಅಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳ ಕಮಾಂಡರ್‌ಗಳು ಭಾರತೀಯರು: ತಿಮ್ಮಯ್ಯ, ಥೋರಟ್, ಎಲ್.ಪಿ. ಸೇನ್. ಭಾರತೀಯರಿಗೆ ಸೈನಿಕರನ್ನು ಮುನ್ನಡೆಸುವ ತಾಕತ್ತಿಲ್ಲ ಅನ್ನುವ ಬ್ರಿಟಿಷ್ ಅಧಿಕಾರಿಗಳು ಆಗ ಬೇಕಾದಷ್ಟು ಜನ ಇದ್ದರು. ಆ ಮೂವರಿಗೂ ಡಿಎಸ್‌ಒ ಬಂತು. ಪದಕದ ತೂಕ ಇರುವುದು ಇಲ್ಲಿ. ನೀವು ಪದಕಗಳ ಪಟ್ಟಿ ಕೊಟ್ಟು, ಯಾವುದು ಯಾತಕ್ಕೆ ಅನ್ನುವುದನ್ನೇ ಬಿಟ್ಟಿದ್ದೀರಿ.

ಬರ್ಮಾದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಸುಭಾಷರ ಐಎನ್‌ಎ (ಆಜಾದ್ ಹಿಂದ್ ಫೌಜ್) ಸೇರಿದ್ದರು. ನೀವು ಅದನ್ನು ‘ದೇಶಭಕ್ತ ಮನೆತನ’ ಅನ್ನುವ ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ತಮ್ಮ ಬ್ರಿಟಿಷರ ಸೇನೆಯಲ್ಲಿ ಜಪಾನೀಯರ ವಿರುದ್ಧ, ಅಣ್ಣ ಜಪಾನೀಯರ ಜೊತೆಗಿದ್ದ ಪಡೆಯಲ್ಲಿ. ಇದನ್ನು ಓದಿದವರಿಗೆ ತಟ್ಟನೆ ಒಂದು ಪ್ರಶ್ನೆ ಏಳುತ್ತೆ ಅಲ್ವಾ? ಅದಕ್ಕೆ ನೀವು ತೀರ್ಪು ಕೊಡಬೇಕಿಲ್ಲ. ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಿರಿ.

ಈಗ ಭಾಷೆ. ‘ಸಿಡಿಲಮರಿಯಂತೆ ಎರಗಿ ಹಿಮಪರ್ವತವನ್ನೇ ನಡುಗಿಸಿದರು’ ಅಂತ ಬರೆದಿದ್ದೀರಿ. ಮೊದಲ ಪುಟದಲ್ಲೇ ‘ಕೆಚ್ಚೆದೆ’ ನಾಲ್ಕು ಸಲ. ಶಾಲೆಯ ಭಾಷಣ ಸ್ಪರ್ಧೆಗೆ ಇದು ನಡೆಯುತ್ತೆ. ನಿಮ್ಮ ತಿಮ್ಮಯ್ಯನವರಿಗೆ ಚಳಿಯಾಗುವುದಿಲ್ಲ, ಅನುಮಾನ ಬರುವುದಿಲ್ಲ, ಯಾವ ದಾಳಿಯೂ ಸೋಲುವುದಿಲ್ಲ. ಹಾಗಾದರೆ ಅವರು ಮಾಡಿದ್ದರಲ್ಲಿ ದೊಡ್ಡದೇನು ಬಂತು?

ಐದನೇ ಪುಟದ ಪ್ಯಾರಾ ನೋಡಿ. ಟ್ಯಾಂಕ್‌ಗಳ ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲ್ ಹೊದಿಸಿ, ಯಾರಿಗೂ ಗೊತ್ತಾಗದ ಹಾಗೆ ಜಮ್ಮು ಕಡೆಯಿಂದ ಶ್ರೀನಗರದ ಮೇಲೆ ಸಾಗಿಸಿದ್ದನ್ನು ಬರೆದಿದ್ದೀರಿ. ಅಷ್ಟೂ ಸಾಲುಗಳಲ್ಲಿ ಒಂದು ‘ವೀರ’ ಇಲ್ಲ, ಒಂದು ‘ಧೀರ’ ಇಲ್ಲ. ಓದುತ್ತಾ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಂದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಆದರೆ ಟ್ಯಾಂಕ್ ಯಾಕೆ ಬೇಕಾಯಿತು ಅಂತ ಹೇಳಿ. 1948ರ ಬೇಸಿಗೆಯ ಹೊತ್ತಿಗೆ ದ್ರಾಸ್, ಕಾರ್ಗಿಲ್ ನಮ್ಮ ಕೈತಪ್ಪಿ ಪಾಕಿಸ್ತಾನದ ಕಡೆಯವರ ಪಾಲಾಗಿದ್ದವು. ಲೇಹ್‌ಗೆ ನೆಲದ ದಾರಿ ಮುಚ್ಚಿತ್ತು. ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಲೇಹ್‌ನ ಮಣ್ಣುಹಾದಿಯ ಮೇಲೆ ಮೊದಲ ಸಲ ಇಳಿಸಿದಾಗ ಜೊತೆಗೆ ಕೂತಿದ್ದವರು ತಿಮ್ಮಯ್ಯ. ಇದು ನಿಮ್ಮಲ್ಲಿ ಇಲ್ಲವೇ ಇಲ್ಲ! ವಿಮಾನದಲ್ಲಿ ಎಷ್ಟು ಜನ, ಎಷ್ಟು ಸಾಮಾನು ಹೋಗಲು ಸಾಧ್ಯ? ರಸ್ತೆ ಬೇಕೇ ಬೇಕು. ರಸ್ತೆಗೆ ಅಡ್ಡ ಜೋಜಿಲಾ, ಸುಮಾರು 11,500 ಅಡಿ. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನುಗ್ಗಿದರು, ಆಗಲಿಲ್ಲ. ಎದುರಾಳಿಗಳು ಎರಡೂ ಕಡೆಯ ಬಂಡೆಗಳ ಸಂದಿಯಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕೂತಿದ್ದರು. ಕೆಳಗೆ ಬಯಲಲ್ಲಿ ನಡೆದು ಬರುವವರಿಗೆ ಮರೆ ಅನ್ನುವುದೇ ಇಲ್ಲ. ಈ ಸೋಲನ್ನು ನೀವು ಮುಚ್ಚಿಟ್ಟಿದ್ದೀರಿ. ಸೋಲು ಇಲ್ಲದೆ ಟ್ಯಾಂಕಿನ ಯೋಚನೆಗೆ ಅರ್ಥವೇ ಇಲ್ಲ.

ಆಮೇಲೆ ದಾರಿ. ಜೋಜಿಲಾದ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ಹಾದಿ. ಗುಂಡು ಹಾರುತ್ತಿರುವಾಗಲೇ ಅದನ್ನು ಟ್ಯಾಂಕ್ ಹಿಡಿಸುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳ. ನಮ್ಮ ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರ್‌ನವರು. ಬೆಂಗಳೂರಿನ ಓದುಗರು ದಿನಾ ಆ ಗೇಟಿನ ಮುಂದೆ ಓಡಾಡುತ್ತಾರೆ, ಅವರಿಗೆ ಒಂದು ಪ್ಯಾರಾ ಕೊಡಿ. ಅಕ್ಟೋಬರ್‌ನಲ್ಲಿ ಆಗಬೇಕಿದ್ದ ದಾಳಿ ಹವಾಮಾನ ಕೆಟ್ಟು ಮುಂದಕ್ಕೆ ಹೋಯಿತು. ಹಿಮ ಪೂರ್ತಿ ಬಿದ್ದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಅಲ್ಲಿಯವರೆಗೆ ಲೇಹ್ ಉಳಿಯುತ್ತಾ? ನವೆಂಬರ್ 1ರಂದು 7ನೇ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕ್‌ಗಳು ಹತ್ತಿದವು. ಡಿವಿಷನ್‌ನ ಕಮಾಂಡರ್, ಮೇಜರ್ ಜನರಲ್ ತಿಮ್ಮಯ್ಯ, ಹಿಂದೆ ಟೆಂಟಿನಲ್ಲಿ ಕೂರದೆ ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತೆ ಅಂತ ಆ ಕಡೆಯವರು ಎಣಿಸಿರಲಿಲ್ಲ. ಆ ತಿಂಗಳು ಮುಗಿಯುವಷ್ಟರಲ್ಲಿ ದ್ರಾಸ್, ಕಾರ್ಗಿಲ್ ವಾಪಸ್ ಸಿಕ್ಕಿ ಲೇಹ್ ದಾರಿ ತೆರೆಯಿತು.

ಇಷ್ಟಕ್ಕೇ ಲೇಖನದ ಅರ್ಧ ಭಾಗ ಕೊಡಿ. ಬಾಲ್ಯ, ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್ ಎಲ್ಲ ಸೇರಿ ಐದು ಸಾಲು ಸಾಕು. ಕೊರಿಯಾ ಯುದ್ಧದ ನಂತರದ ಕೆಲಸವನ್ನು ಇದರೊಳಗೆ ತುರುಕಬೇಡಿ. ಊರಿಗೆ ಹೋಗಲ್ಲ ಅಂದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದದ್ದು ಬೇರೆಯೇ ಲೇಖನ, ಬೇಕಾದರೆ ಆಮೇಲೆ ಬರೆಯಿರಿ.

1959ರ ರಾಜೀನಾಮೆಯನ್ನು ಬಿಟ್ಟದ್ದು ಬೇಕಂತಲೇ ಅನ್ನಿಸಿತು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಸರಿಹೋಗದೆ ರಾಜೀನಾಮೆ ಕೊಟ್ಟರು, ನೆಹರೂ ಹೇಳಿದ ಮೇಲೆ ವಾಪಸ್ ಪಡೆದರು. ಕೊಟ್ಟದ್ದು ಸರಿ, ವಾಪಸ್ ಪಡೆದದ್ದು ತಪ್ಪು ಅನ್ನುವವರು ಇವತ್ತಿಗೂ ಇದ್ದಾರೆ. ನನಗೂ ಹಾಗೇ ಅನ್ನಿಸುತ್ತೆ. ನಿಮಗೆ ಬೇರೆ ಅನ್ನಿಸಿದರೆ ಹಾಗೇ ಬರೆಯಿರಿ, ಆದರೆ ನಾಲ್ಕು ಸಾಲಾದರೂ ಇರಲಿ. 1965ರಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿದ್ದಾಗಲೇ ತೀರಿಕೊಂಡರು ಅಂತ ಬರೆದು ನಿಲ್ಲಿಸಿ. ‘ಅಮರರಾದರು’ ಬೇಡ.

1,500 ಪದ ಮೀರದಿರಲಿ. ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲದ ನುಡಿ ಫೈಲ್ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ನಮ್ಮ ಡಿಟಿಪಿಯವರು ನನ್ನ ಮೇಲೆ ರೇಗಿದ್ದಾರೆ.

ಇತಿ,
ಸಂಪಾದಕ