ರಸ್ತೆಯಲ್ಲಿ ಮುಗಿದ ಮಾತು, ನ್ಯಾಯಮಂಡಳಿಗೆ ಬಂದ ದಾವೆ

ಮಾನ್ಯ ಓದುಗರೇ,

ಭಾಲ್ಕಿಯಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯ ಬಳಿ ವಾಹನಗಳ ಸಾಲಿನಲ್ಲಿ ನಿಧಾನವಾಗಿ ಸಾಗುತ್ತಿದ್ದ ನಿಮ್ಮ ಕಾರು ಮುಂದಿನ ಬೈಕಿಗೆ ತಗುಲಿತು. ಸವಾರರು ಒಂದು ಬದಿಗೆ ವಾಲಿ ಬಿದ್ದರು, ಮೊಣಕೈ ತರಚಿತು, ತಾವೇ ಎದ್ದು ಬೈಕನ್ನು ಎತ್ತಿ ನಿಲ್ಲಿಸಿದರು. ನೀವು ಕ್ಷಮೆ ಕೇಳಿ, ಒಡೆದ ಇಂಡಿಕೇಟರಿಗೆಂದು ಯುಪಿಐ ಮೂಲಕ 2,000 ರೂಪಾಯಿ ಕಳಿಸಿದಿರಿ. ಅವರು ಅದೇ ಬೈಕ್ ಓಡಿಸಿಕೊಂಡು ಹೋದರು. ಸುಮಾರು ಮೂರು ವಾರಗಳ ನಂತರ ಠಾಣೆಯಿಂದ ಕರೆ ಬಂತು, ಆಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು ಬಂತು. ಬಲಗಡೆಯ ಕಾಲರ್ ಬೋನ್ ಮುರಿದಿದೆ, ಶೇ. 30ರಷ್ಟು ಶಾಶ್ವತ ಅಂಗವೈಕಲ್ಯ ಉಂಟಾಗಿದೆ, 12 ಲಕ್ಷ ರೂಪಾಯಿ ಪರಿಹಾರ ಬೇಕು ಎಂಬುದು ಅರ್ಜಿಯ ಕೋರಿಕೆ. “ನಮ್ಮ ಕಡೆ ಇದೊಂದು ದಂಧಾನೇ ಆಗ್ಯಾದ್ರಿ, ಬಡವರ ಹೆಸರ ಮ್ಯಾಲ ಯಾರೋ ತಿನ್ಲಕತ್ತಾರ” ಎಂದು ನೀವು ನೊಂದು ಬರೆದಿದ್ದೀರಿ. ಅಪಘಾತವೇ ಆಗಿಲ್ಲ ಎಂದು ಹೇಳಿಬಿಡಿ ಎಂದು ಒಬ್ಬರು, ಕ್ರಿಮಿನಲ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಕೈ ತೊಳೆದುಕೊಳ್ಳಿ ಎಂದು ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿರುವ ನಿಮ್ಮ ಮಗ ಅಲ್ಲಿಯೂ ಕುತ್ತಿಗೆ ನೋವಿನ ಹೆಸರಿನಲ್ಲಿ ಇಂಥದೇ ನಡೆದಿತ್ತೆಂದು ಹೇಳಿದ್ದಾರೆ. ಇದಕ್ಕೆ ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ.

ಆ ಎರಡೂ ಸಲಹೆಗಳನ್ನು ದಯವಿಟ್ಟು ಪಾಲಿಸಬೇಡಿ. ಅಪಘಾತ ಆಗಿಲ್ಲ ಎನ್ನುವುದು ಸುಳ್ಳು. ನೀವು ಕಳಿಸಿದ 2,000 ರೂಪಾಯಿಯ ದಾಖಲೆ ಬ್ಯಾಂಕಿನಲ್ಲಿದೆ. ಅದು ನ್ಯಾಯಮಂಡಳಿಯ ಮುಂದೆ ಬಂದ ದಿನ ನಿಮ್ಮ ಉಳಿದ ನಿಜವಾದ ಮಾತುಗಳನ್ನೂ ಯಾರೂ ನಂಬಲಾರರು. ಕಾರು ತಗುಲಿದ್ದು ನಿಜ, ಅವರು ಬಿದ್ದದ್ದು ನಿಜ, ಮೊಣಕೈ ತರಚಿದ್ದು ನಿಜ ಎಂದು ಒಪ್ಪಿಕೊಂಡು, ಎಲುಬು ಮುರಿದದ್ದು ಈ ಘಟನೆಯಿಂದಲೇ ಎಂಬುದನ್ನು ಅರ್ಜಿದಾರರು ತೋರಿಸಬೇಕು ಎಂದು ಕೇಳುವುದೇ ನಿಮ್ಮ ನಿಲುವಾಗಿರಬೇಕು. ನಿಮ್ಮ ವಿವಾದ ಗಾಯದ ಪ್ರಮಾಣದ ಬಗ್ಗೆ ಮಾತ್ರ ಇದೆ.

ಇನ್ನು ತಪ್ಪೊಪ್ಪಿಗೆಯ ವಿಷಯ. ನಿರ್ಲಕ್ಷ್ಯದ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಂಗಳ ಅಡಿ ದೋಷಾರೋಪಣ ಪಟ್ಟಿ ಸಲ್ಲಿಕೆಯಾದಾಗ, ಕೋರ್ಟಿಗೆ ಅಲೆಯುವುದು ಬೇಡವೆಂದು ನಮ್ಮ ಭಾಗದ ಅನೇಕ ಚಾಲಕರು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡುತ್ತಾರೆ. ಆ ಆದೇಶದ ದೃಢೀಕೃತ ಪ್ರತಿ ಮರುದಿನ ಎಂವಿಸಿ ಕೇಸಿನ, ಅಂದರೆ ನ್ಯಾಯಮಂಡಳಿಯಲ್ಲಿರುವ ಪರಿಹಾರದ ಅರ್ಜಿಯ, ಕಡತಕ್ಕೆ ಸೇರುತ್ತದೆ, ಮತ್ತು ಚಾಲಕರ ನಿರ್ಲಕ್ಷ್ಯಕ್ಕೆ ಅದಕ್ಕಿಂತ ಬಲವಾದ ಪುರಾವೆ ಅರ್ಜಿದಾರರಿಗೆ ಬೇಕಾಗುವುದಿಲ್ಲ. ದೋಷಾರೋಪಣ ಪಟ್ಟಿಯಲ್ಲಿ ಎಲುಬು ಮುರಿತದ ತೀವ್ರ ಗಾಯವೆಂದು ಬರೆದಿದ್ದರೆ, ನೀವು ಒಪ್ಪಿಕೊಂಡದ್ದು ಅದನ್ನೂ ಸೇರಿಸಿಯೇ ಎಂದು ವಾದಿಸಲು ಅವಕಾಶವಾಗುತ್ತದೆ.

ಈಗ ದಂಧೆ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಅದು ಬರೀ ಗಾಳಿಮಾತಲ್ಲ. ಉತ್ತರ ಪ್ರದೇಶದಲ್ಲಿ ಸುಳ್ಳು ಅಪಘಾತ ಪರಿಹಾರ ಅರ್ಜಿಗಳ ತನಿಖೆಗೆಂದೇ ಅಲಹಾಬಾದ್ ಹೈಕೋರ್ಟಿನ ಆದೇಶದಂತೆ 2015ರಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ಕೈಗೆತ್ತಿಕೊಂಡು ತನಿಖೆಯ ವಿಳಂಬವನ್ನು ಪ್ರಶ್ನಿಸಿತು, ಭಾರತೀಯ ವಕೀಲರ ಪರಿಷತ್ತು ಅಲ್ಲಿನ ಹಲವು ವಕೀಲರನ್ನು ಅಮಾನತಿನಲ್ಲಿಟ್ಟಿತು. ಇಂಥ ಅರ್ಜಿಗಳು ಹುಟ್ಟುವ ಬಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಬೈಕಿನಿಂದ ತಾನಾಗಿಯೇ ಬಿದ್ದವನ ಪ್ರಕರಣದಲ್ಲಿ ವಿಮೆಯಿರುವ ಪರಿಚಯದವರ ವಾಹನವೊಂದನ್ನು ತಂದು ಸೇರಿಸುವುದು, ಲೈಸೆನ್ಸ್ ಇಲ್ಲದ ಚಾಲಕನ ಬದಲು ಲೈಸೆನ್ಸ್ ಇರುವವನ ಹೆಸರು ಬರೆಸುವುದು, ಹಳೆಯ ಮುರಿತಕ್ಕೆ ಹೊಸ ತಾರೀಖು ಹಚ್ಚುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ನಿಜವಾಗಿ ಆದ ಚಿಕ್ಕ ಗಾಯವನ್ನು ಕಾಗದದ ಮೇಲೆ ದೊಡ್ಡದು ಮಾಡುವುದು.

ಈ ಕೊನೆಯದರಲ್ಲಿ ಎಷ್ಟು ಹಣ ಅಡಗಿದೆ ಎಂಬುದನ್ನು ನೀವು ಲೆಕ್ಕ ಹಾಕಿ ನೋಡಬೇಕು. ಮೂವತ್ತೆರಡು ವರ್ಷದ, ತಿಂಗಳಿಗೆ 15,000 ರೂಪಾಯಿ ದುಡಿಯುವ ವ್ಯಕ್ತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸರಳಾ ವರ್ಮಾ ಪ್ರಕರಣದ 2009ರ ತೀರ್ಪಿನ ಪ್ರಕಾರ 31ರಿಂದ 35 ವಯಸ್ಸಿನವರಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸಬೇಕಾದ ಸಂಖ್ಯೆ, 16. ವರ್ಷದ ಆದಾಯ 1,80,000. ಅದನ್ನು 16ರಿಂದ ಗುಣಿಸಿದರೆ 28,80,000. ಗಳಿಕೆಯ ಸಾಮರ್ಥ್ಯ ಶೇ. 30ರಷ್ಟು ಕುಂದಿದೆ ಎಂದರೆ ಭವಿಷ್ಯದ ಆದಾಯ ನಷ್ಟವೊಂದೇ 8,64,000 ರೂಪಾಯಿ ಆಗುತ್ತದೆ. ಆದರೆ ಶೇ. 30 ಎಂಬುದು ಒಂದು ತೋಳಿಗೆ ಮಾತ್ರ ಸಂಬಂಧಿಸಿದ ಅಂಕಿಯಾಗಿದ್ದು, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗವನ್ನು ಹಿಡಿದರೆ, ಮೊತ್ತ 2,88,000ಕ್ಕೆ ಇಳಿಯುತ್ತದೆ. ಎಲುಬು ಚೆನ್ನಾಗಿ ಕೂಡಿಕೊಂಡು ಕೆಲಸಕ್ಕೆ ಅಡ್ಡಿಯೇ ಇಲ್ಲವೆಂದಾದರೆ ಈ ಬಾಬತ್ತಿನಲ್ಲಿ ಏನೂ ಸಿಗದೆ, ಚಿಕಿತ್ಸೆಯ ಖರ್ಚು, ನೋವು, ಕೆಲಸ ತಪ್ಪಿದ ದಿನಗಳ ಕೂಲಿ ಇವಿಷ್ಟಕ್ಕೆ ಪರಿಹಾರ ನಿಲ್ಲುತ್ತದೆ. ವೈದ್ಯರ ಒಂದು ಹಾಳೆಯ ಮೇಲಿನ ಒಂದು ಅಂಕಿ ಲಕ್ಷಗಟ್ಟಲೆ ರೂಪಾಯಿಯನ್ನು ಅತ್ತಿತ್ತ ಮಾಡುವುದರಿಂದಲೇ, ಮಧ್ಯವರ್ತಿಗಳ ಕಣ್ಣು ಆ ಹಾಳೆಯ ಮೇಲೆ ನೆಟ್ಟಿರುತ್ತದೆ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲದೆ ಇಲ್ಲ. ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದ 2010ರ ತೀರ್ಪು ಈ ವಿಷಯದಲ್ಲಿ ಇಂದಿಗೂ ಆಧಾರ. ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ನಷ್ಟ ಬೇರೆ ಎಂದು ಅದು ಸ್ಪಷ್ಟಪಡಿಸಿತು. ಎಡಗೈ ಕಳೆದುಕೊಂಡ ಬಡಗಿ ಅಥವಾ ಚಾಲಕ ತನ್ನ ದುಡಿಮೆಯನ್ನು ಬಹುತೇಕ ಪೂರ್ತಿ ಕಳೆದುಕೊಳ್ಳುತ್ತಾನೆ, ಸರ್ಕಾರಿ ಗುಮಾಸ್ತನ ಸಂಬಳ ಹಾಗೆಯೇ ಉಳಿಯಬಹುದು ಎಂಬ ಉದಾಹರಣೆ ಆ ತೀರ್ಪಿನಲ್ಲೇ ಇದೆ. ಪ್ರಮಾಣಪತ್ರವನ್ನು ಹಾಜರುಪಡಿಸಿದ ಮಾತ್ರಕ್ಕೆ ಅದರಲ್ಲಿರುವುದು ಸಾಬೀತಾಗುವುದಿಲ್ಲ, ಅದನ್ನು ಕೊಟ್ಟ ಅಥವಾ ಚಿಕಿತ್ಸೆ ಮಾಡಿದ ವೈದ್ಯರು ಪಾಟೀಸವಾಲಿಗೆ ಒಳಪಡಬೇಕು ಎಂದೂ, ಚಿಕಿತ್ಸೆಯನ್ನೇ ಮಾಡದೆ ಸಿದ್ಧ ಪ್ರಮಾಣಪತ್ರಗಳನ್ನು ಧಾರಾಳವಾಗಿ ಕೊಡುವ ವೈದ್ಯರ ಬಗ್ಗೆ ನ್ಯಾಯಮಂಡಳಿಗಳು ಎಚ್ಚರದಿಂದಿರಬೇಕು ಎಂದೂ ಅದು ಹೇಳಿತು. ನಿಮ್ಮ ಪ್ರಕರಣದಲ್ಲಿ ಶೇ. 30 ಎಂದು ಬರೆದವರು ಚಿಕಿತ್ಸೆ ಕೊಟ್ಟ ವೈದ್ಯರೇ ಎಂಬುದನ್ನು ಮೊದಲು ವಿಚಾರಿಸಿ.

ಆದರೂ ಒಂದು ಮಾತನ್ನು ನಿಮಗೆ ಬೇಸರವಾದರೂ ಹೇಳಲೇಬೇಕು. ಮೂರು ವಾರ ತಡವಾಗಿ ದೂರು ಕೊಟ್ಟರು ಎಂಬ ಒಂದೇ ಕಾರಣಕ್ಕೆ ಆ ಸವಾರರನ್ನು ಸುಳ್ಳುಗಾರರೆಂದು ನಾನು ಕರೆಯಲಾರೆ. ರವಿ ಮತ್ತು ಬದ್ರಿನಾರಾಯಣ ನಡುವಿನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್ ವಿಳಂಬವೊಂದರಿಂದಲೇ ಅರ್ಜಿಯನ್ನು ತಳ್ಳಿಹಾಕಬಾರದೆಂದು ಹೇಳಿದೆ, ಮತ್ತು ಅದು ಸರಿಯಾದ ಮಾತು. ತೊಗರಿ ರಾಶಿಗೆಂದು ಟಂಟಂ ಹತ್ತಿ ಹೋಗುವ ಕೂಲಿಯವರು ಉರುಳಿಬಿದ್ದಾಗ ಮೊದಲು ಓಡುವುದು ಆಸ್ಪತ್ರೆಗೆ; ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಅನೇಕರಿಗೆ ವಾರಗಳ ನಂತರ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಕುತ್ತಿಗೆ, ಬೆನ್ನಿನ ಸ್ನಾಯುಗಳ ನೋವು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದು ವೈದ್ಯರೆಲ್ಲರಿಗೂ ಗೊತ್ತಿರುವ ಸಂಗತಿ, ಅದು ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ನಮ್ಮ ಭಾಗದಲ್ಲಿ ನಿಜವಾಗಿ ಕೈಕಾಲು ಕಳೆದುಕೊಂಡವರು ಹಣ ಕೈಗೆ ಬರಲು ವರ್ಷಗಟ್ಟಲೆ ಕಾಯುತ್ತಾರೆ, ಮತ್ತು ಪ್ರತಿಯೊಂದು ಸುಳ್ಳು ಅರ್ಜಿಯೂ ಅವರ ಮೇಲಿನ ಅನುಮಾನವನ್ನು ಹೆಚ್ಚಿಸಿ ಆ ಕಾಯುವಿಕೆಯನ್ನು ಇನ್ನಷ್ಟು ಉದ್ದ ಮಾಡುತ್ತದೆ. ಸುಳ್ಳು ಅರ್ಜಿಗಳ ಬಗ್ಗೆ ನನಗಿರುವ ಸಿಟ್ಟಿಗೆ ವಿಮಾ ಕಂಪನಿಗಳ ನಷ್ಟಕ್ಕಿಂತ ಇದೇ ದೊಡ್ಡ ಕಾರಣ.

ನಿಮ್ಮ ಮಗ ಹೇಳಿದ್ದು ಸರಿ. ಬ್ರಿಟನ್ನಿನಲ್ಲಿ ಹಿಂದಿನಿಂದ ಮೆಲ್ಲಗೆ ತಗುಲಿದ ಕಾರುಗಳ ಪ್ರಕರಣಗಳಲ್ಲೂ ಕುತ್ತಿಗೆ ಉಳುಕಿತೆಂಬ ಅರ್ಜಿಗಳು ರಾಶಿ ಬಿದ್ದಾಗ, ಗಿರಾಕಿಗಳನ್ನು ತಂದುಕೊಟ್ಟವರಿಗೆ ವಕೀಲರು ಕಮಿಷನ್ ಕೊಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಏಪ್ರಿಲಿನಿಂದ ನಿಷೇಧಿಸಲಾಯಿತು. ಅದು ಸಾಲದೆ 2021ರ ಮೇ 31ರಿಂದ ಎರಡು ವರ್ಷದೊಳಗೆ ವಾಸಿಯಾಗುವ ಇಂಥ ಗಾಯಗಳಿಗೆ ಕಾನೂನೇ ನಿಗದಿತ ದರ ಗೊತ್ತುಮಾಡಿತು, ವೈದ್ಯಕೀಯ ವರದಿ ಇಲ್ಲದೆ ರಾಜಿ ಮಾಡಿಕೊಳ್ಳುವುದನ್ನು ತಡೆಯಿತು. ಮೂರು ತಿಂಗಳೊಳಗೆ ಹೋಗುವ ನೋವಿಗೆ ಆಗ ಇಟ್ಟ ದರ 240 ಪೌಂಡ್. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಅನುಭವ ನನಗೆ ಇನ್ನೂ ಮುಖ್ಯವೆನಿಸುತ್ತದೆ. 1995ರಲ್ಲಿ ಅಲ್ಲಿ ನೋವು ಮತ್ತು ಸಂಕಟಕ್ಕೆಂದು ದಾವೆ ಹೂಡುವ ಪದ್ಧತಿಯನ್ನು ಬಿಟ್ಟು, ತಪ್ಪು ಯಾರದೆಂದು ನೋಡದೆ ಚಿಕಿತ್ಸೆ ಮತ್ತು ಆದಾಯ ನಷ್ಟವನ್ನು ಭರಿಸುವ ಪದ್ಧತಿ ತಂದರು. ಕುತ್ತಿಗೆ ಗಾಯದ ಅರ್ಜಿಗಳು ಆರು ತಿಂಗಳಿಗೆ ಲಕ್ಷ ಜನರಿಗೆ 417 ಇದ್ದದ್ದು 300ರ ಆಸುಪಾಸಿಗೆ ಇಳಿದವು, ಮತ್ತು ಅರ್ಜಿ ಇತ್ಯರ್ಥವಾಗುವ ಅವಧಿ ಅರ್ಧಕ್ಕಿಂತ ಕಡಿಮೆಯಾಯಿತು. ಅಷ್ಟೂ ಜನ ಮೊದಲು ಸುಳ್ಳು ಹೇಳುತ್ತಿದ್ದರು ಎಂದು ಇದರರ್ಥವಲ್ಲ. ಪ್ರಕರಣ ನಡೆಯುತ್ತಿರುವಷ್ಟು ಕಾಲ ನೋವನ್ನು ಮತ್ತೆ ಮತ್ತೆ ಹೇಳಬೇಕಾದ, ಗುಣವಾದರೆ ನಷ್ಟವಾಗುವ ಸ್ಥಿತಿಯಲ್ಲಿ ಪ್ರಾಮಾಣಿಕ ಮನುಷ್ಯನೂ ಬೇಗ ಗುಣವಾಗಲಾರ ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ನಮ್ಮಲ್ಲಿ ಬ್ರಿಟನ್ನಿನ ಹಾಗೆ ಗೆದ್ದರೆ ಮಾತ್ರ ಶುಲ್ಕ ಎಂಬ ಒಪ್ಪಂದಕ್ಕೆ ಅವಕಾಶವೇ ಇಲ್ಲ. ಪರಿಹಾರದ ಮೊತ್ತದಲ್ಲಿ ಪಾಲು ಕೇಳುವುದನ್ನೂ, ಆಸ್ಪತ್ರೆಯ ಬಾಗಿಲಲ್ಲಿ ಗಿರಾಕಿ ಹುಡುಕುವುದನ್ನೂ ವಕೀಲರ ಪರಿಷತ್ತಿನ ನಡತೆಯ ನಿಯಮಗಳು ನಿಷೇಧಿಸಿವೆ. ಆದರೂ ವಾರ್ಡಿನಲ್ಲೇ ಬಂದು ಪರ್ಸೆಂಟೇಜ್ ಮಾತನಾಡುವವರ ಬಗ್ಗೆ ನಮ್ಮ ಪತ್ರಿಕೆಗೆ ಓದುಗರು ಬರೆಯುತ್ತಲೇ ಇದ್ದಾರೆ. ನಿಮ್ಮ ಪ್ರಕರಣದ ಸವಾರರೂ ಹೀಗೆ ಯಾರದೋ ಮಾತಿಗೆ ಸಹಿ ಹಾಕಿದವರಾಗಿರಬಹುದು. ಕಡತದಲ್ಲಿ ಏನು ಬರೆದಿದೆ ಎಂಬುದು ಅವರಿಗೇ ತಿಳಿಯದೆ ಇರಬಹುದು.

ಹಾಗಾದರೆ ನಿಜ ಯಾವುದೆಂದು ತಿಳಿಯುವುದು ಹೇಗೆ? ಅವರು ಮೊದಲ ಬಾರಿ ಆಸ್ಪತ್ರೆಗೆ ಹೋದ ದಿನದ ದಾಖಲೆಯಿಂದ. ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಆಸ್ಪತ್ರೆ ದಾಖಲಿಸುವ ಪುಸ್ತಕದಲ್ಲಿ, ರೋಗಿ ತಾನೇ ಹೇಳಿದ ಗಾಯದ ಕಾರಣ, ತಾರೀಖು, ವೇಳೆ ಇರುತ್ತವೆ. ದಾವೆಯ ಯೋಚನೆ ಇನ್ನೂ ಹುಟ್ಟದ ಹೊತ್ತಿನಲ್ಲಿ ಬರೆದದ್ದಾದ್ದರಿಂದ ಅದಕ್ಕೆ ನಂತರದ ಯಾವ ಹೇಳಿಕೆಗಿಂತಲೂ ಹೆಚ್ಚಿನ ತೂಕವಿದೆ. ಅಲ್ಲಿ “ಬೈಕಿನಿಂದ ಸ್ವತಃ ಬಿದ್ದು” ಎಂದಿದೆಯೋ, “ಕಾರು ತಗುಲಿ” ಎಂದಿದೆಯೋ ನೋಡಬೇಕು. ಎಕ್ಸ್‌ರೇ ವರದಿಯಷ್ಟೇ ಸಾಲದು. ತಾರೀಖು ಮತ್ತು ಕ್ರಮಸಂಖ್ಯೆ ಇರುವ ಮೂಲ ಫಿಲ್ಮ್ ಬೇಕು. ಮುರಿದ ಎಲುಬು ಕೂಡಿಕೊಳ್ಳುವಾಗ ಬೆಳೆಯುವ ಹೊಸ ಎಲುಬಿನ ಗಂಟು ಸಾಮಾನ್ಯವಾಗಿ ಎರಡು ಮೂರು ವಾರಗಳ ನಂತರ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ಅಪಘಾತದ ಮರುದಿನದ ಫಿಲ್ಮಿನಲ್ಲೇ ಅದು ಬಲಿತು ಕಂಡರೆ ಮುರಿತ ಹಳೆಯದು. ಕಾಲರ್ ಬೋನ್ ಮುರಿದವರು ಅದೇ ತೋಳಿನಿಂದ ಬೈಕ್ ಎತ್ತಿ ನಿಲ್ಲಿಸಿ, ಓಡಿಸಿಕೊಂಡು ಹೋಗುವುದು ಬಹಳ ಕಷ್ಟ ಎಂಬುದನ್ನೂ ಮೂಳೆ ವೈದ್ಯರ ಪಾಟೀಸವಾಲಿನಲ್ಲಿ ಕೇಳಬಹುದು. ಈ ರಿಜಿಸ್ಟರನ್ನೂ ಫಿಲ್ಮನ್ನೂ ಆಸ್ಪತ್ರೆಯಿಂದ ತರಿಸಬೇಕೆಂದು ನ್ಯಾಯಮಂಡಳಿಗೆ ಅರ್ಜಿ ಕೊಡಲು ಹಿಂಜರಿಯಬೇಡಿ. ಸವಾರರು ಹೇಳುವುದು ನಿಜವಾಗಿದ್ದರೆ ಅವೇ ದಾಖಲೆಗಳು ಅವರ ಪರವಾಗಿ ನಿಲ್ಲುತ್ತವೆ, ಆಗ ಅವರಿಗೆ ಪರಿಹಾರ ಸಿಗಲೇಬೇಕು.

ಚೌಕದ ಸಿಸಿಟಿವಿ ದೃಶ್ಯ ಇಷ್ಟು ಹೊತ್ತಿಗೆ ಅಳಿಸಿಹೋಗಿರುವ ಸಂಭವ ಹೆಚ್ಚು. ಅಕ್ಕಪಕ್ಕದ ಅಂಗಡಿಯವರ ಬಳಿ ಉಳಿದಿದ್ದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದೊಂದಿಗೆ ಪಡೆಯಿರಿ.

ವಿಮಾ ಕಂಪನಿಗೆ ನೀವು ಇನ್ನೂ ತಿಳಿಸಿಲ್ಲ ಎಂಬುದು ಪತ್ರದಲ್ಲಿ ನನ್ನನ್ನು ಅತ್ಯಂತ ಕಳವಳಗೊಳಿಸಿದ ಸಾಲು. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದನ್ನು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದನ್ನು, ವಿಮಾದಾರರಿಗೆ ಬರೆದು ತಿಳಿಸುವುದನ್ನು ಚಾಲಕರ ಕರ್ತವ್ಯವೆಂದು ಹೇಳುತ್ತದೆ. ಅಂದು ನೀವು ಸವಾರರನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದಿದ್ದರೆ, ತರಚು ಗಾಯ ತರಚು ಗಾಯವೆಂದೇ ದಾಖಲಾಗುತ್ತಿತ್ತು, ಒಂದು ವೇಳೆ ಎಲುಬು ನಿಜವಾಗಿ ಬಿರುಕು ಬಿಟ್ಟಿದ್ದರೆ ಅದೂ ಆಗಲೇ ತಿಳಿಯುತ್ತಿತ್ತು. ನಿಮ್ಮ ಸೌಜನ್ಯವನ್ನು ನಾನು ಹಳಿಯುತ್ತಿಲ್ಲ. ಆದರೆ ರಸ್ತೆಯ ಬದಿಯಲ್ಲಿ ಹಣ ಕೊಟ್ಟು ಮುಗಿಸಿದ ಪ್ರಕರಣದಲ್ಲಿ ಎರಡೂ ಕಡೆಯವರಿಗೆ ಆ ದಿನದ ಸಾಕ್ಷ್ಯವೇ ಉಳಿಯುವುದಿಲ್ಲ, ಮತ್ತು ಆ ಖಾಲಿ ಜಾಗದಲ್ಲೇ ಮಧ್ಯವರ್ತಿ ತನಗೆ ಬೇಕಾದ್ದನ್ನು ಬರೆಸುತ್ತಾನೆ.

ಆದ್ದರಿಂದ ಈ ವಾರವೇ ವಿಮಾ ಕಂಪನಿಗೆ ನೋಟಿಸಿನ ಪ್ರತಿ, ಪಾಲಿಸಿ, ಆರ್‌ಸಿ, ಡಿಎಲ್ ಪ್ರತಿಗಳೊಂದಿಗೆ ಬರೆದು ಸ್ವೀಕೃತಿ ಪಡೆಯಿರಿ. ಮೂರನೇ ವ್ಯಕ್ತಿಯ ದೇಹಕ್ಕಾದ ಗಾಯಕ್ಕೆ ವಿಮಾದಾರರ ಹೊಣೆಗೆ ಮೊತ್ತದ ಮಿತಿ ಇಲ್ಲ. ಅಪಘಾತದ ದಿನ ಪಾಲಿಸಿ ಮತ್ತು ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ನಿಮ್ಮ ಮನೆಯಿಂದ ಹಣ ಹೋಗುವ ಭಯ ಬೇಡ. ಲೈಸೆನ್ಸ್ ಅವಧಿ ಮುಗಿದಿದ್ದರೆ ಮಾತ್ರ ಕಂಪನಿ ಮೊದಲು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡುವ ಆದೇಶ ಬರಬಹುದು. ನೋಟಿಸಿನ ದಿನ ಗೈರಾಗಬೇಡಿ. ಲಿಖಿತ ಹೇಳಿಕೆಯಲ್ಲಿ ನಡೆದದ್ದನ್ನು ನಡೆದ ಹಾಗೆ, 2,000 ರೂಪಾಯಿಯನ್ನೂ ಸೇರಿಸಿ ಬರೆಯಿಸಿ.

ಸುಳ್ಳು ಸಾಬೀತಾದರೆ ಅವರ ಮೇಲೆ ಕ್ರಮ ಜರುಗಿಸಬಹುದೇ ಎಂದು ಕೇಳಿದ್ದೀರಿ. ನ್ಯಾಯಾಲಯದಲ್ಲಿ ತಿಳಿದೂ ತಿಳಿದೂ ಸುಳ್ಳು ಹಕ್ಕು ಮಂಡಿಸುವುದು ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆದರೆ ಆ ಪ್ರಶ್ನೆ ತೀರ್ಪಿನ ನಂತರದ್ದು, ಮತ್ತು ಅದು ಸವಾರರೊಬ್ಬರ ಮೇಲೆ ಮಾತ್ರ ಬಿದ್ದು, ಪ್ರಮಾಣಪತ್ರ ಬರೆದವರನ್ನೂ ಬರೆಸಿದವರನ್ನೂ ಬಿಟ್ಟುಬಿಟ್ಟರೆ ನನಗೆ ಅದರಲ್ಲಿ ಸಮಾಧಾನವಿಲ್ಲ.

ಲೋಕ ಅದಾಲತ್ತಿನಲ್ಲಿ ರಾಜಿಯಾಗಲೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಹಣ ಕೊಡಬೇಕಾದವರು ವಿಮಾದಾರರಾದ್ದರಿಂದ ಅವರನ್ನು ಬಿಟ್ಟು ನೀವೊಬ್ಬರೇ ರಾಜಿ ಮಾಡಿಕೊಳ್ಳುವುದು ಸಲ್ಲದು. ಅದಾಲತ್ತಿನ ಆದೇಶದ ಮೇಲೆ ಮೇಲ್ಮನವಿಯೂ ಇಲ್ಲ, ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುವ ಸಾಮಾನ್ಯ ದಾರಿ ಅಲ್ಲಿಗೆ ಮುಚ್ಚುತ್ತದೆ. ಎಂಎಲ್‌ಸಿ ರಿಜಿಸ್ಟರು ಮತ್ತು ಮೊದಲ ಎಕ್ಸ್‌ರೇ ಕಡತಕ್ಕೆ ಬಂದು, ನಿಮ್ಮ ವಕೀಲರು ಅವನ್ನು ನೋಡುವವರೆಗೆ ಯಾವ ರಾಜಿ ಪತ್ರಕ್ಕೂ ಸಹಿ ಹಾಕಬೇಡಿ.

— ಸಂಪಾದಕ